ಹರಿಹರದ ಲೇತ್ ಬೆಳಗಾವಿಗೆ ಬಂದ ಮೇಲೆ

ಲೇತ್ ಅಂದರೆ ಲೋಹದ ತುಂಡನ್ನು ಹಿಡಿದು ತಿರುಗಿಸುತ್ತಾ ಟೂಲ್‌ನಿಂದ ಕೆತ್ತುವ ಯಂತ್ರ. ಶೆಡ್ಡಿಗೆ ತಂದಾಗ ಈ ಲೇತ್‌ನ ಮೈಮೇಲಿದ್ದದ್ದು ಬಣ್ಣವೋ ಜಿಡ್ಡೋ ಹೇಳುವುದೇ ಕಷ್ಟವಿತ್ತು. ಬೋರ್‌ವೆಲ್ ಪಂಪಿನ ಶಾಫ್ಟ್ ತಿರುಗಿಸಿ ತಿರುಗಿಸಿ ಸುಸ್ತಾದ ಯಂತ್ರ ಇದು. ಅಂಗಡಿ ಮುಚ್ಚುತ್ತಿದ್ದವರು ಗುಜರಿ ದರಕ್ಕೆ, ಕೆಜಿ ಲೆಕ್ಕದಲ್ಲಿ ಕೊಟ್ಟರು. ತೂಕ ಒಂದು ಟನ್ ಹತ್ತಿರ. ಚೈನ್ ಪುಲ್ಲಿಯಲ್ಲಿ ಎತ್ತಿ, ಕೆಳಗೆ ಪೈಪ್ ತುಂಡು ಹಾಕಿ, ಹಾರೆಯಿಂದ ಮೀಟುತ್ತಾ ಒಳಗೆ ಉರುಳಿಸಿದ್ದಾಯಿತು. ಹಮಾಲರ ಪೈಕಿ ಹಿರಿಯರೊಬ್ಬರು ಬೆವರು ಒರೆಸಿಕೊಂಡು, "ಕರಗ್ಸಾಕ್ ಹಾಕೋದನ್ನ ಮನಿಗೆ ತಂದೀರಲ್ರೀ ಸಾಹೇಬ್ರ" ಅಂದರು. ಚಹಾ ಕುಡಿಸಿ ಕಳಿಸಿದೆ.

ಮೊದಲ ಕೆಲಸ ಬರೀ ತೊಳೆಯುವುದು. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಡೀಸೆಲ್. ತಂತಿ ಬ್ರಷ್, ಹಳೆಯ ಚಾಕು, ಕಾಟನ್ ವೇಸ್ಟ್. ಬೀಡಿನ, ಅಂದರೆ ಎರಕದ ಕಬ್ಬಿಣದ ಪುಡಿ ಎಣ್ಣೆಯ ಜೊತೆ ಸೇರಿ ವರ್ಷಗಟ್ಟಲೆ ಕೂತರೆ ಕಲ್ಲಾಗುತ್ತದೆ. ಏಪ್ರನ್ (ಟೂಲ್ ಹೊತ್ತ ಗಾಡಿಯ ಮುಂದಿನ ಡಬ್ಬಿ) ಕೆಳಗೆ ಅಂಥ ಕಲ್ಲನ್ನು ಉಳಿಯಿಂದ ಕೆತ್ತಿ ತೆಗೆಯಬೇಕಾಯಿತು. ಹೆಡ್‌ಸ್ಟಾಕ್, ಅಂದರೆ ಗೇರುಗಳಿರುವ ಎಡಬದಿಯ ಪೆಟ್ಟಿಗೆಯ ಮುಂಭಾಗದಲ್ಲಿ ಮೂರು ಪದರ ಬಣ್ಣ ಕಿತ್ತ ಮೇಲೆ ಒಂದು ಪಟ್ಟಿ ಕಾಣಿಸಿತು: ಮೈಸೂರು ಕಿರ್ಲೋಸ್ಕರ್ ಲಿಮಿಟೆಡ್, ಹರಿಹರ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕೆಂದರೆ ಈ ಲೇತ್‌ನ ಒಂದೊಂದು ಭಾಗ ಬಿಚ್ಚಿದಾಗಲೂ, ಇದನ್ನು ಮಾಡಿದವರು ಎಲ್ಲಿಂದ ಬಂದವರು ಅನ್ನುವುದು ಅದರಲ್ಲೇ ಕಾಣುತ್ತದೆ.

ಕಿರ್ಲೋಸ್ಕರ್ ಅಂದ ತಕ್ಷಣ ಪುಣೆ ನೆನಪಾಗುತ್ತದೆ, ಅಲ್ವಾ? ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಗೆ ಹೋಗಿ ಚಿತ್ರಕಲೆ ಕಲಿಯಲು ಸೇರಿದರು. ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಬಣ್ಣ ಬಿಟ್ಟು ಗೆರೆ ಹಿಡಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಗಳ ಡ್ರಾಯಿಂಗ್ ಹೇಳಿಕೊಡುವ ಮೇಷ್ಟ್ರಾದರು. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ ಶುರುವಾಯಿತು. ಆ ಬೀದಿಗೆ ಇವತ್ತಿಗೂ ಕಿರ್ಲೋಸ್ಕರ್ ರೋಡ್ ಅನ್ನುತ್ತೇವೆ. ಅಲ್ಲಿ ಸೀರೆ ಕೊಳ್ಳಲು ಬರುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಯಾಕೆ ಬಂತು ಗೊತ್ತಿದೆಯೋ.

ಸೈಕಲ್ ಮಾರುತ್ತಾ, ರಿಪೇರಿ ಮಾಡುತ್ತಾ ಅವರು ಮೇವು ಕತ್ತರಿಸುವ ಯಂತ್ರಕ್ಕೆ ಬಂದರು. ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಅನ್ನುತ್ತಾರೆ. ನಂತರ ಬೆಳಗಾವಿಯಲ್ಲಿ ಇದ್ದ ಜಾಗ ಬಿಡಬೇಕಾಗಿ ಬಂತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ (ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ) ಪಕ್ಕ 32 ಎಕರೆ ಕೊಟ್ಟರು, ಜೊತೆಗೆ ಸಾಲವನ್ನೂ ಕೊಟ್ಟರು. ಕಳ್ಳಿ ಬೆಳೆದ, ಹಾವು ಹರಿದಾಡುವ ಬರಡು ನೆಲ ಅದು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

ಇದೆಲ್ಲ ಲೇತ್ ರಿಪೇರಿಗೆ ಯಾಕೆ? ನೇಗಿಲು ಅಂದರೆ ಎರಕ, ಲೇತ್ ಬೆಡ್, ಅಂದರೆ ಅದರ ಉದ್ದನೆಯ ತಳವೂ ಎರಕ. ನೇಗಿಲಿನ ಗುಳ ಸವೆದರೆ ರೈತ ಇಡೀ ನೇಗಿಲು ಎಸೆಯುವುದಿಲ್ಲ, ಗುಳ ಮಾತ್ರ ಬದಲಿಸುತ್ತಾನೆ. ಈ ಲೇತ್ ಬಿಚ್ಚುತ್ತಾ ಹೋದರೆ ಅದೇ ಲೆಕ್ಕ ಕಾಣುತ್ತದೆ. ಸವೆಯುವುದೆಲ್ಲ ಬೇರೆ ತುಂಡು, ಬೋಲ್ಟ್ ತೆಗೆದರೆ ಕೈಗೆ ಬರುತ್ತದೆ. ಅಂಟಿಸಿದ್ದು, ಒತ್ತಿ ಕೂರಿಸಿ ಮರೆಮಾಡಿದ್ದು ಬಹಳ ಕಡಿಮೆ.

ಈಗ ಬೆಡ್. ಹಳೆಯ ಲೇತ್‌ನಲ್ಲಿ ಜಾಬ್ (ಕೆತ್ತುವ ತುಂಡು) ಹಿಡಿಯುವ ಚಕ್ ಪಕ್ಕದ ಒಂದಡಿ ಜಾಗವೇ ಜಾಸ್ತಿ ಸವೆಯುತ್ತದೆ, ಯಾಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲೇ. ಉಗುರಿನಿಂದ ಗೀರಿ ನೋಡಿದರೆ ಮೆಟ್ಟಿಲು ಸಿಕ್ಕುತ್ತದೆ, ಆದರೆ ಎಷ್ಟು ಅಂತ ಗೊತ್ತಾಗಬೇಕಲ್ಲ. ಟೂಲ್ ಹೊತ್ತ ಗಾಡಿ, ಅಂದರೆ ಸ್ಯಾಡಲ್ ಓಡುವ ದಾರಿ ಬೇರೆ, ಜಾಬ್‌ನ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಓಡುವ ದಾರಿ ಬೇರೆ. ಟೇಲ್‌ಸ್ಟಾಕಿನ ದಾರಿ ಅಷ್ಟು ಸವೆದಿರುವುದಿಲ್ಲ. ಹಾಗಾಗಿ ಟೇಲ್‌ಸ್ಟಾಕಿನ ತಳವನ್ನೇ ಆಧಾರ ಮಾಡಿಕೊಂಡು ಅದಕ್ಕೆ ಕೂದಲೆಳೆಯಷ್ಟು ಏರಿಳಿತವನ್ನೂ ತೋರಿಸುವ ಡಯಲ್ ಗೇಜ್ ಕಟ್ಟಿ, ಅದರ ಮೂಗನ್ನು ಸ್ಯಾಡಲ್ ದಾರಿಯ ಮೇಲಿಟ್ಟು ಉದ್ದಕ್ಕೂ ತಳ್ಳಿದೆ. ಚಕ್ ಹತ್ತಿರ ಮುಂದಿನ ವಿ-ದಾರಿಯಲ್ಲಿ 0.12 ಮಿಮೀ ಇಳಿದಿತ್ತು. ಹಿಂದಿನ ದಾರಿಯಲ್ಲಿ ಅದರ ಅರ್ಧವೂ ಇಲ್ಲ.

ಬೆಡ್ ಗ್ರೈಂಡಿಂಗ್ ಮಾಡಿಸಬೇಕಾ? ಈ ಪ್ರಶ್ನೆಗೆ ಲೇತ್ ಓಡಿಸುವ ಪ್ರತಿಯೊಬ್ಬ ಟರ್ನರ್‌ದೂ ಒಂದೊಂದು ಉತ್ತರ. ನನ್ನ ಉತ್ತರ: ಈಗಲೇ ಬೇಡ. ಬೆಡ್ ಗ್ರೈಂಡ್ ಮಾಡಿದರೆ ಸ್ಯಾಡಲ್ ಕೆಳಗಿಳಿಯುತ್ತದೆ. ಸ್ಯಾಡಲ್ ಜೊತೆ ಏಪ್ರನ್ ಇಳಿಯುತ್ತದೆ. ಆಗ ಸ್ಯಾಡಲನ್ನು ಎಳೆಯುವ ಉದ್ದನೆಯ ಲೀಡ್ ಸ್ಕ್ರೂ ಸಾಲಿಗೆ ಕೂರುವುದಿಲ್ಲ, ಗೇರ್‌ಬಾಕ್ಸನ್ನೂ ಇಳಿಸಬೇಕಾಗುತ್ತದೆ. ಒಂದನ್ನು ಸರಿ ಮಾಡಲು ಹೋಗಿ ಐದನ್ನು ಕೆದಕಿದಂತೆ. ನನ್ನ ಕೆಲಸ ಸಣ್ಣ ಉದ್ದದ್ದು. ಬುಷ್, ಪಿನ್, ಪುಲ್ಲಿ. ಅರ್ಧ ಅಡಿ ಉದ್ದದಲ್ಲಿ ಈ ಸವೆತ ಪಾಲು ಕೇಳುವುದು ತೀರಾ ಕಡಿಮೆ.

ಸವೆತಕ್ಕಿಂತ ದೊಡ್ಡ ಶತ್ರು ತಿರುಚು. ನಾಲ್ಕು ಮೂಲೆಯ ಕಾಲುಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೆ, ಅಷ್ಟು ದಪ್ಪ ಬೀಡಿನ ಬೆಡ್ ಕೂಡ ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಜಾಬ್‌ನಲ್ಲಿ ಕಾಣುತ್ತದೆ. ಪರೀಕ್ಷೆ ಸುಲಭ. 40 ಮಿಮೀ ಸರಳನ್ನು ಚಕ್‌ನಲ್ಲಿ ಹಿಡಿದು ಆರಿಂಚು ಹೊರಗೆ ಬಿಟ್ಟೆ. ಟೇಲ್‌ಸ್ಟಾಕಿನ ಆಸರೆ ಕೊಡಬಾರದು. ಎರಡು ತುದಿಯಲ್ಲಿ ಒಂದೊಂದು ಪಟ್ಟಿ ಬಿಟ್ಟು ನಡುವೆ ತೆಳುವಾಗಿಸಿದೆ. ಆಮೇಲೆ ಟೂಲ್ ಅಲುಗಾಡಿಸದೆ ಎರಡೂ ಪಟ್ಟಿಯ ಮೇಲೆ ಒಂದೇ ಸಣ್ಣ ಕಟ್. ಮೈಕ್ರೋಮೀಟರ್‌ನಲ್ಲಿ ಹೊರ ತುದಿ 0.06 ಜಾಸ್ತಿ ಬಂತು. ಹೊರ ತುದಿ ದಪ್ಪ ಅಂದರೆ ಅಲ್ಲಿಗೆ ಬರುವಷ್ಟರಲ್ಲಿ ಟೂಲ್ ನಮ್ಮ ಕಡೆ ಸರಿದಿದೆ ಅಂತ ಅರ್ಥ. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ಎತ್ತರಿಸಿದರೆ ಟೂಲ್ ಒಳಕ್ಕೆ ವಾಲುತ್ತದೆ. ತಗಡು ಸೇರಿಸಿ, ಬೋಲ್ಟ್ ಬಿಗಿದು, ಮತ್ತೆ ಕಟ್, ಮತ್ತೆ ಅಳತೆ. ಕೊನೆಗೆ ವ್ಯತ್ಯಾಸ 0.01ರ ಒಳಗೆ ಬಂತು. ಲೇತ್ ಹಾಳಾಗಿದೆ ಎಂದು ಮಾರುವ ಎಷ್ಟೋ ಜನ ಬರೀ ಈ ನಾಲ್ಕು ಬೋಲ್ಟ್ ಮುಟ್ಟಿರುವುದಿಲ್ಲ.

ಹೆಡ್‌ಸ್ಟಾಕ್ ಎಣ್ಣೆ ಇಳಿಸಿದಾಗ ಡಾಂಬರಿನ ಬಣ್ಣ. ತಳದಲ್ಲಿ ಒಂದು ಹಲ್ಲಿನ ಚೂರು. ಜಾರುವ ಗೇರ್ ಒಂದರಲ್ಲಿ ಅಕ್ಕಪಕ್ಕದ ಎರಡು ಹಲ್ಲಿನ ತುದಿ ಮುರಿದಿತ್ತು. ಯಂತ್ರ ಓಡುತ್ತಿರುವಾಗಲೇ ಲಿವರ್ ಎಳೆದರೆ ಹೀಗಾಗುತ್ತದೆ. ಬ್ರೇಜಿಂಗ್ ಮಾಡಿ, ಅರದಿಂದ ಹಲ್ಲು ತೀಡುವ ಪದ್ಧತಿ ಇದೆ. ನಿಧಾನಕ್ಕೆ ತಿರುಗುವ ಗೇರ್ ಆದರೆ ಅದು ಸಾಕು. ಇದು ವೇಗದ ಗೇರ್, ಹಾಗಾಗಿ ಹೊಸದನ್ನೇ ಕೊಯ್ಯಿಸಲು ನಿಶ್ಚಯಿಸಿದೆ.

ಗೇರ್ ಕೊಯ್ಯುವವರ ಹತ್ತಿರ ಹೋಗುವ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಿ. ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿ ಬಂದದ್ದರಿಂದ ಭಾಗಿಸಿದರೆ ಮಾಡ್ಯೂಲ್, ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಹಲ್ಲಿನ ಗಾತ್ರ. 42 ಹಲ್ಲು, 110 ಮಿಮೀ ಇದ್ದರೆ 110 ಭಾಗಿಸು 44, ಅಂದರೆ 2.5. ಆದರೆ ಅದೇ 42 ಹಲ್ಲಿಗೆ 111.8 ಬಂದರೆ ಅದು ಮಾಡ್ಯೂಲ್ ಅಲ್ಲವೇ ಅಲ್ಲ, ಇಂಚಿನ ಲೆಕ್ಕದ 10 ಡಿಪಿ (ಡಯಾಮೀಟ್ರಲ್ ಪಿಚ್). ಎರಡಕ್ಕೂ ಕಟರ್ ಬೇರೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಕೈಯಲ್ಲಿ ತಿರುಗಿಸಿದರೆ ತಿರುಗಲೂಬಹುದು. ವೇಗ ಕೊಟ್ಟಾಗ ಕಿರುಚಾಟ ಶುರುವಾಗುತ್ತದೆ. ನನ್ನ ಗೇರ್ ಮೇಲೆ ವರ್ನಿಯರ್ 110ಕ್ಕಿಂತ ಕೂದಲೆಳೆ ಕಡಿಮೆ ತೋರಿಸಿತು. ನೆಮ್ಮದಿಯಾಯಿತು.

ಬೋಲ್ಟುಗಳ ಕತೆ ಅಷ್ಟು ನೆಮ್ಮದಿಯದಲ್ಲ. ಮೂಲ ತೂತುಗಳು ಅರ್ಧ ಇಂಚಿನ ವಿಟ್‌ವರ್ತ್ (ಹಳೆಯ ಇಂಗ್ಲಿಷ್ ಸ್ಕ್ರೂ ಅಳತೆ), ಇಂಚಿಗೆ 12 ಎಳೆ, ಅಂದರೆ ಸ್ಕ್ರೂವಿನ ಸುತ್ತು. ಹಿಂದೆ ಯಾರೋ ಕೆಲವು ಕಡೆ 12 ಮಿಮೀ ಬೋಲ್ಟ್ ತಿರುಕಿದ್ದರು. 12.7ರ ತೂತಿನಲ್ಲಿ 12ರದ್ದು, ಅದರ ಮೇಲೆ ಎಳೆಯ ಅಂತರವೂ ಬೇರೆ, ಎಳೆಯ ಕೋನವೂ ಬೇರೆ. ಬಿಗಿದ ಹಾಗೆ ಅನಿಸುತ್ತದೆ, ಹಿಡಿತ ಇರುವುದಿಲ್ಲ. ಟೂಲ್ ಯಾಕೆ ನಡುಗುತ್ತಿತ್ತು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ವಿಟ್‌ವರ್ತ್ ಟ್ಯಾಪ್ ಹಾಕಿ ಎಳೆ ತೊಳೆದು, ಸರಿಯಾದ ಬೋಲ್ಟ್ ಹುಡುಕಿ ಹಾಕಿದೆ. ಹಳೆಯ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಇಂಚು ಮತ್ತು ಮಿಲಿಮೀಟರಿನ ಈ ಕಿತ್ತಾಟಕ್ಕೂ ಇತಿಹಾಸವಿದೆ. ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಶುರುವಾದದ್ದು 1941ರಲ್ಲಿ. ಎರಡನೇ ಮಹಾಯುದ್ಧದ ಕಾಲ. ಅಲ್ಲಿಯವರೆಗೆ ನಮ್ಮ ವರ್ಕ್‌ಶಾಪುಗಳಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಹಡಗಿನಲ್ಲಿ ಬಂದ ಇಂಗ್ಲಿಷ್ ಯಂತ್ರಗಳು. ಯುದ್ಧ ಬಂದು ಆ ದಾರಿ ಕಿರಿದಾಯಿತು. ಕಾರ್ಖಾನೆಗೆ ಹರಿಹರದ ಜಾಗವೂ ಚೆನ್ನಾಗಿತ್ತು. ಆಗ ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬೈ ಪ್ರಾಂತ. ನೀರು ಪಕ್ಕದಲ್ಲೇ. ಬೆಂಗಳೂರಿಗೂ ಹುಬ್ಬಳ್ಳಿಗೂ ರೈಲು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ದೂರವಿಲ್ಲ. ಕಾರ್ಖಾನೆ ಸುತ್ತ ಬೆಳೆದ ಊರಿಗೆ ಯಂತ್ರಪುರ ಎಂದೇ ಹೆಸರಾಯಿತು. ಎಚ್‌ಎಂಟಿ ಬೆಂಗಳೂರಿನಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಾಯದಿಂದ ಶುರುವಾಗಿದ್ದು 1953ರಲ್ಲಿ. ಅದಕ್ಕೆ ಒಂದು ಡಜನ್ ವರ್ಷ ಮುಂಚೆಯೇ ಹರಿಹರ ಲೇತ್ ಕೆಲಸಕ್ಕೆ ಇಳಿದಿತ್ತು. ಎಚ್‌ಎಂಟಿ ಎಂದರೆ ಎಲ್ಲರಿಗೂ ಕೈಗಡಿಯಾರ ನೆನಪು. ಹರಿಹರಕ್ಕೆ ಅಂಥ ನೆನಪಿನ ಭಾಗ್ಯ ಸಿಗಲಿಲ್ಲ, ಅದು ನನಗೆ ಸ್ವಲ್ಪ ಬೇಜಾರೇ.

ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಕಾಯಿದೆ ಬಂದ ಮಾತ್ರಕ್ಕೆ ಅಂಗಡಿಯ ಟ್ಯಾಪು, ಸ್ಪ್ಯಾನರ್, ಟರ್ನರ್ ಕೈ ಬದಲಾಗುತ್ತವೆಯೇ? ಇಂಚಿನ ಲೀಡ್ ಸ್ಕ್ರೂ ಇದ್ದ ಲೇತ್‌ಗಳು ಹಾಗೇ ದುಡಿಯುತ್ತಾ ಹೋದವು. ನನ್ನದರಲ್ಲೂ ಇಂಚಿಗೆ 4 ಎಳೆ. ಅಂದರೆ ಒಂದು ಸುತ್ತಿಗೆ ಸ್ಯಾಡಲ್ 6.35 ಮಿಮೀ ಸರಿಯುತ್ತದೆ. ಇದರಲ್ಲಿ ಮೆಟ್ರಿಕ್ ಎಳೆ ಕೊಯ್ಯಲು 127 ಹಲ್ಲಿನ ಗೇರ್ ಬೇಕು. ಒಂದು ಇಂಚು 25.4 ಮಿಮೀ, ಅದರ ಐದು ಪಟ್ಟು 127, ಅದಕ್ಕಿಂತ ಕಡಿಮೆ ಹಲ್ಲಿನಲ್ಲಿ ಇಂಚು ಪೂರ್ತಿಯಾಗಿ ಮಿಲಿಮೀಟರ್ ಆಗುವುದಿಲ್ಲ. ಲೆಕ್ಕ ಚಂದ ಇದೆ: ಬೇಕಾದ ಎಳೆಯ ಅಂತರವನ್ನು 20ರಿಂದ ಗುಣಿಸಿ 127ರಿಂದ ಭಾಗಿಸಿ. 2 ಮಿಮೀಗೆ 40/127. ಒಂದೂವರೆಗೆ 30/127. ಚಕ್ ತಿರುಗಿಸುವ ಸ್ಪಿಂಡಲ್ ಕಡೆ 40, ಲೀಡ್ ಸ್ಕ್ರೂ ಕಡೆ 127, ನಡುವೆ ಸುಮ್ನೆ ತಿರುಗುವ ಒಂದು ಗೇರ್. ಒಂದು ಎಚ್ಚರ ಮಾತ್ರ: ಇಂಚಿನ ಲೀಡ್ ಸ್ಕ್ರೂನಲ್ಲಿ ಮೆಟ್ರಿಕ್ ಎಳೆ ಕೊಯ್ಯುವಾಗ ಸ್ಯಾಡಲನ್ನು ಆ ಸ್ಕ್ರೂಗೆ ಕಚ್ಚಿಸುವ ಹಾಫ್ ನಟ್ ಬಿಡಲೇಬಾರದು. ಟೂಲ್ ಹಿಂದಕ್ಕೆ ಎಳೆದು, ಮೋಟಾರ್ ಉಲ್ಟಾ ತಿರುಗಿಸಿ ವಾಪಸ್ ಬರಬೇಕು. ಬಿಟ್ಟರೆ ಮತ್ತೆ ಅದೇ ಎಳೆಗೆ ಕೂರುವುದು ಅದೃಷ್ಟ.

ಲೇತ್ ಜೊತೆ 127ರ ಗೇರ್ ಬಂದಿತ್ತು, ಅದೂ ತುಕ್ಕಿನೊಳಗೆ ಹಲ್ಲು ಸರಿಯಾಗಿ ಉಳಿದುಕೊಂಡು. ಹಿಂದಿನವರು ಅದನ್ನು ಬಾಗಿಲು ಬೀಸದಂತೆ ಒತ್ತಿಡಲು ಬಳಸುತ್ತಿದ್ದರು.

ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹ್ಯಾಂಡಲ್ ಕಾಲು ಸುತ್ತಿಗಿಂತ ಜಾಸ್ತಿ ಖಾಲಿ ತಿರುಗುತ್ತಿತ್ತು. ಸ್ಕ್ರೂ ಅಷ್ಟು ಸವೆದಿಲ್ಲ, ಗನ್ ಮೆಟಲ್ (ತಾಮ್ರ-ತವರದ ಮಿಶ್ರಲೋಹ) ನಟ್‌ನ ಎಳೆ ಮಾತ್ರ ಚಾಕುವಿನ ಅಂಚಿನಷ್ಟು ತೆಳುವಾಗಿತ್ತು. ಇದೇ ಸರಿಯಾದ ಪದ್ಧತಿ: ಅಗ್ಗದ, ಮೆತ್ತಗಿನ ತುಂಡು ಸವೆಯಲಿ, ದುಬಾರಿ ತುಂಡು ಉಳಿಯಲಿ. ಗನ್ ಮೆಟಲ್ ತುಂಡು ತಂದು ಪಕ್ಕದ ಬೀದಿಯ ಮೇಸ್ತ್ರಿಯ ಲೇತ್‌ನಲ್ಲಿ ಎಡಗೈ ಎಳೆ ಕೊಯ್ದೆವು. ಎಳೆ ಕೊಯ್ಯುವಾಗ ಹಳೆಯ ಸ್ಕ್ರೂವನ್ನೇ ಗೇಜ್ ಮಾಡಿ, ಬಿಗಿಯಾಗಿ ಒಳಗೆ ಹೋಗುವಲ್ಲಿ ನಿಲ್ಲಿಸಿದೆವು. "ಸ್ವಲ್ಪ ಬಿಗೀನ ಇರ್ಲಿ ಬಿಡ್ರಿ, ಅದು ತಾನ ಜಾಗಾ ಮಾಡ್ಕೋತೈತಿ" ಅಂದರು ಮೇಸ್ತ್ರಿ. ಈಗ ಖಾಲಿ ಓಟ ಡಯಲ್‌ನ ಐದಾರು ಗೆರೆ. ಸಡಿಲ ತೆಗೆಯುವ ಇಳಿಜಾರು ಪಟ್ಟಿ, ಅಂದರೆ ಗಿಬ್ ಬಿಗಿದ ಮೇಲೆ ಸ್ಲೈಡ್ ಬೆಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತದೆ.

ಸ್ಯಾಡಲ್‌ನ ದೊಡ್ಡ ಕೈಚಕ್ರ ಒಡೆದು, ಯಾರೋ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿದ್ದರು. ಬೀಡಿಗೆ ಸುಮ್ನೆ ಬೆಸುಗೆ ನಿಲ್ಲುವುದಿಲ್ಲ, ಪಕ್ಕದಲ್ಲೇ ಹೊಸ ಬಿರುಕು. ನನಗೆ ಈ ಇಡೀ ಕೆಲಸದಲ್ಲಿ ಅತಿ ಖುಷಿ ಕೊಟ್ಟದ್ದು ಈ ಚಕ್ರವೇ. ಯಾಕೆಂದರೆ ಇಲ್ಲಿ ಮೊದಲು ಮರ ಬೇಕು. ಎರಕದ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮರದ ಮಾದರಿ) ಮಾಡುವ ಬಡಗಿ ಬಾಗಿಲು ಕಿಟಕಿ ಮಾಡುವ ಬಡಗಿ ಅಲ್ಲ. ಅವರ ಅಳತೆಪಟ್ಟಿಯೇ ಬೇರೆ. ಬೀಡು ಕರಗಿ ಗಟ್ಟಿಯಾಗುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ, ಹಳೆಯ ಲೆಕ್ಕದಲ್ಲಿ ಅಡಿಗೆ ಅರೆಪಾವು ಇಂಚು, ಅಂದರೆ ಎಂಟನೇ ಒಂದು ಭಾಗ. ಆ ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗೆರೆ ಹಾಕಿದ ಪಟ್ಟಿ ಅದು. 200 ಮಿಮೀ ಚಕ್ರಕ್ಕೆ 2 ಮಿಮೀ ಕುಗ್ಗುವುದಕ್ಕೆ, ಲೇತ್‌ನಲ್ಲಿ ತೆಗೆಯುವ ಕಡೆಗಳಲ್ಲಿ ಇನ್ನೂ 3 ಮಿಮೀ. ಮರಳಿನಿಂದ ಮೇಲೆತ್ತುವಾಗ ಅಚ್ಚು ಕುಸಿಯಬಾರದೆಂದು ಬದಿಗಳಿಗೆ ಒಂದೆರಡು ಡಿಗ್ರಿ ಇಳಿಜಾರು. ಒಳಮೂಲೆಗಳಿಗೆಲ್ಲ ಗುಂಡು, ಇಲ್ಲದಿದ್ದರೆ ತಣಿಯುವಾಗ ಅಲ್ಲೇ ಸೀಳುತ್ತದೆ. ಸಾಗವಾನಿ ಮರದಲ್ಲಿ ಆ ಚಕ್ರ ಮೂಡಿದ್ದು ನೋಡಿದರೆ ಗೋಡೆಗೆ ತೂಗುಹಾಕಬೇಕು ಅನಿಸುತ್ತಿತ್ತು.

ಬೆಳಗಾವಿಯಲ್ಲಿ ಫೌಂಡ್ರಿಗೆ ಬರವಿಲ್ಲ. ಉದ್ಯಮಬಾಗ್ ಕಡೆ ಹೋದರೆ ಮರಳಿನ ವಾಸನೆಯೇ ದಾರಿ ತೋರಿಸುತ್ತದೆ. ಆದರೆ ಒಂದೇ ಒಂದು ತುಂಡು ಯಾರೂ ಎರೆದು ಕೊಡುವುದಿಲ್ಲ. ಬೇರೆಯವರ ಪಂಪ್ ಕೇಸಿಂಗ್ ಎರೆಯುವ ಪೆಟ್ಟಿಗೆಯಲ್ಲಿ ಮೂಲೆ ಜಾಗ ಸಿಕ್ಕರೆ ಅದರಲ್ಲಿ ಸೇರಿಸಿಕೊಳ್ಳಬೇಕು. ಹಾಗೆ ಕಾದು ಪಡೆದದ್ದು. ನೇಗಿಲು ಇರಲಿ, ಪಂಪ್ ಇರಲಿ, ಲೇತ್ ಬೆಡ್ ಇರಲಿ, ಕಿರ್ಲೋಸ್ಕರ್ ಮಾಡಿದ ಪ್ರತಿಯೊಂದು ಎರಕದ ಹಿಂದೆಯೂ ಇಂಥ ಬಡಗಿಯೊಬ್ಬ ಇದ್ದಿರಲೇಬೇಕು. ಕಾರ್ಖಾನೆಯ ಚರಿತ್ರೆ ಬರೆಯುವವರು ಮಾಲೀಕರ ಹೆಸರು ಬರೆಯುತ್ತಾರೆ, ಪ್ಯಾಟರ್ನ್ ಶಾಪ್‌ಗೆ ಒಂದು ಪುಟವೂ ಸಿಗುವುದಿಲ್ಲ.

ಮೋಟಾರ್ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನದು, 2 ಎಚ್‌ಪಿ, 1440 ಆರ್‌ಪಿಎಂ. ಆ ಕಂಪನಿ ಶುರುವಾದದ್ದು 1946ರಲ್ಲಿ. ಮನೆಯಲ್ಲಿ ಮೂರು ಫೇಸ್ ಇಲ್ಲ, ಹಾಗಾಗಿ ವಿಎಫ್‌ಡಿ, ಅಂದರೆ ಸಿಂಗಲ್ ಫೇಸಿನಿಂದ ಮೂರು ಫೇಸ್ ಮಾಡಿ ಮೋಟಾರ್ ಓಡಿಸುವ ಪೆಟ್ಟಿಗೆ ಹಾಕಿದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಸಿಂಗಲ್ ಫೇಸ್ ವಿಎಫ್‌ಡಿ 230 ವೋಲ್ಟ್ ತಿಂದು 230 ವೋಲ್ಟಿನ ಮೂರು ಫೇಸ್ ಕೊಡುತ್ತದೆ, 415 ಅಲ್ಲ. ಸಣ್ಣ ಮೋಟಾರುಗಳು ಸಾಮಾನ್ಯವಾಗಿ 415ಕ್ಕೆ ಸ್ಟಾರ್ ಜೋಡಣೆಯಲ್ಲಿ ಇರುತ್ತವೆ. ಟರ್ಮಿನಲ್ ಡಬ್ಬಿಯೊಳಗಿನ ಪಟ್ಟಿ ಬದಲಿಸಿ ಡೆಲ್ಟಾ ಮಾಡಿದರೆ 230ರಲ್ಲಿ ಪೂರ್ತಿ ಬಲ ಕೊಡುತ್ತವೆ. ಡಬ್ಬಿಯೊಳಗೆ ಆರು ತಂತಿ ಹೊರಗೆ ಬಂದಿರಬೇಕು. ಮೂರೇ ಇದ್ದರೆ ರಿವೈಂಡಿಂಗ್ ಮಾಡುವವರ ಹತ್ತಿರ ಹೋಗಿ ಉಳಿದ ಮೂರನ್ನು ಹೊರಗೆ ತೆಗೆಸಬೇಕು. ಅರ್ಥಿಂಗ್ ಬಗ್ಗೆ ಉದಾಸೀನ ಬೇಡ. ಇಡೀ ಯಂತ್ರ ಕಬ್ಬಿಣ, ನೀವು ಅದಕ್ಕೆ ಒರಗಿಕೊಂಡೇ ನಿಂತಿರುತ್ತೀರಿ.

ಹೆಡ್‌ಸ್ಟಾಕ್‌ಗೆ 68 ನಂಬರ್ ಎಣ್ಣೆ ತುಂಬಿದೆ. ಬಣ್ಣ ಬೂದಿ ಹಸಿರು, ಒಂದೇ ಕೋಟ್. ಹೆಸರಿನ ಪಟ್ಟಿಗೆ ಬಣ್ಣ ತಾಗಿಸಲಿಲ್ಲ.

ಹರಿಹರದ ಆ ಕಾರ್ಖಾನೆ ಈಗ ಇಲ್ಲ, ಮುಚ್ಚಿ ವರ್ಷಗಳೇ ಆದವು. ಆದರೆ ಬಿಡಿಭಾಗ ಸಿಗುವುದಿಲ್ಲ ಅನ್ನುವ ಭಯ ಬೇಡ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನ ಪೀಣ್ಯ ಎಲ್ಲಾ ಕಡೆ ಹಳೆಯ ಲೇತ್ ಬಿಚ್ಚಿ ಮಾರುವವರು ಇದ್ದಾರೆ. ಸಿಗದಿದ್ದರೆ ಮಾಡಿಸಿಕೊಳ್ಳಬಹುದು, ಯಾವ ತುಂಡೂ ಒಂದು ಸಾಧಾರಣ ವರ್ಕ್‌ಶಾಪಿನ ಕೈಮೀರಿದ್ದಲ್ಲ. ಇಂಥ ಲೇತ್ ಕೊಳ್ಳುವವರು ಬಣ್ಣ ನೋಡಬೇಡಿ. ಚಕ್ ಪಕ್ಕ ಬೆಡ್ ಮೇಲೆ ಉಗುರು ಎಳೆಯಿರಿ. ಪ್ರತಿ ಲಿವರ್ ಹಾಕಿ ಸ್ಪಿಂಡಲ್ ಕೈಯಿಂದ ತಿರುಗಿಸಿ, ಎಲ್ಲಾದರೂ ಒಂದು ಕಡೆ ಕಟ್ ಅಂದರೆ ಹಲ್ಲು ಮುರಿದಿದೆ. ಎಳೆ ಕೊಯ್ಯಲು ಬದಲಿಸಿ ಹಾಕುವ ಚೇಂಜ್ ಗೇರುಗಳನ್ನು ಎಣಿಸಿ ತಗೊಳ್ಳಿ, ಬಾಗಿಲ ಹಿಂದೆಯೂ ಒಮ್ಮೆ ನೋಡಿ.

ಟೇಲ್‌ಸ್ಟಾಕ್ ಕೆಲಸ ಇನ್ನೂ ಬಾಕಿ ಇದೆ. ಎರಡು ಸೆಂಟರ್ ಮೊನೆಗಳ ನಡುವೆ ತೆಳು ಉಕ್ಕಿನ ಪಟ್ಟಿ ಹಿಡಿದು ನೋಡಿದರೆ ಮೇಲ್ತುದಿ ಸ್ವಲ್ಪ ವಾಲುತ್ತದೆ. ಅಂದರೆ ಟೇಲ್‌ಸ್ಟಾಕ್ ತಳ ಸವೆದು ಮೊನೆ ಕೆಳಗೆ ಕೂತಿದೆ. ತಳದ ಎರಡು ತುಂಡುಗಳ ನಡುವೆ ಹಿತ್ತಾಳೆ ತಗಡು ಕೂರಿಸಬೇಕು. ಎಷ್ಟು ದಪ್ಪದ್ದು ಅನ್ನುವುದು ಸೆಂಟರುಗಳ ನಡುವೆ ನೇರ ಸರಳು ಹಿಡಿದು, ಅದರ ಎರಡೂ ತುದಿಯ ಮೇಲೆ ಡಯಲ್ ಓಡಿಸಿದ ಮೇಲೆ ಗೊತ್ತಾಗುತ್ತದೆ. ತಗಡು ತಂದಿಟ್ಟಿದ್ದೇನೆ, 0.05 ಮತ್ತು 0.1ರದ್ದು.